ಅಹಿಂಸಾಣುವ್ರತದ ಅತಿಚಾರಗಳು ಮತ್ತು ಮನೆಯ ನಾಯಿ

ಅಹಿಂಸಾಣುವ್ರತಕ್ಕೆ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಐದು ಅತಿಚಾರಗಳನ್ನು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿರುವರು. ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಹೊಡೆಯುವುದು ಎಂದು ಪೂಜ್ಯಪಾದರು ಸ್ಪಷ್ಟಪಡಿಸಿರುವರು. ಪಾಠದಲ್ಲಿ ಇವುಗಳಿಗೆ ಎತ್ತು ಕುದುರೆಗಳ ದೃಷ್ಟಾಂತ ಕೊಡುವುದು ವಾಡಿಕೆ. ಎತ್ತಿಲ್ಲದ ಇಂದಿನ ಮನೆಗಳಲ್ಲಿ ಈ ಸೂತ್ರದ ಪರೀಕ್ಷೆ ನಡೆಯುವುದು ಬಾಗಿಲಲ್ಲಿ ಕಟ್ಟಿದ ನಾಯಿಯ ಮುಂದೆ.

ಅಷ್ಟಮಿಯಂದು ಏಕಾಶನ ಮಾಡಿ, ಸಂಜೆ ಬಸದಿಯಿಂದ ಹಿಂತಿರುಗಿದ ಗೃಹಸ್ಥನು ಕಚ್ಚಿ ಹರಿದ ದಿಂಬನ್ನು ಕಾಣುತ್ತಾನೆ ಎನ್ನೋಣ. ನಾಯಿ ಕಿವಿ ಮಡಚಿ, ಬಾಲ ಅಡಗಿಸಿ ಮೂಲೆ ಸೇರುತ್ತದೆ. ತಪ್ಪು ಮಾಡಿದ್ದು ಅದಕ್ಕೇ ಗೊತ್ತಿದೆ ಎಂದು ಅವನು ಕೋಲೆತ್ತುತ್ತಾನೆ. ಈ ನಂಬಿಕೆಯನ್ನು ನ್ಯೂಯಾರ್ಕಿನ ವಿದುಷಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 14 ನಾಯಿಗಳ ಮೇಲೆ ಪರೀಕ್ಷಿಸಿ, 2009ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ತಿನಿಸನ್ನು ಮುಟ್ಟಬೇಡವೆಂದು ನಾಯಿಗೆ ಹೇಳಿ ಒಡೆಯನು ಕೋಣೆಯಿಂದ ಹೊರಹೋಗುವನು. ಅವನು ಹಿಂತಿರುಗಿದಾಗ, ನಾಯಿ ತಿಂದಿತೋ ಇಲ್ಲವೋ ಎಂಬುದನ್ನು ಕೆಲವೊಮ್ಮೆ ಸುಳ್ಳಾಗಿ ತಿಳಿಸಲಾಗುತ್ತಿತ್ತು. ಆ ಅಪರಾಧಿಯ ಮುಖವು ತಿಂದುದರಿಂದ ಹೆಚ್ಚಲಿಲ್ಲ, ಬೈಗುಳದಿಂದ ಹೆಚ್ಚಿತು. ತಿನ್ನದೆಯೇ ಬೈಸಿಕೊಂಡ ನಾಯಿಗಳಲ್ಲಿ ಅದು ಇನ್ನೂ ಎದ್ದು ಕಂಡಿತು!

ಅಂದಮೇಲೆ ಮೂಲೆ ಸೇರಿದ ನಾಯಿ ತೋರಿಸುವುದು ಪಶ್ಚಾತ್ತಾಪವನ್ನಲ್ಲ, ಒಡೆಯನ ಕ್ರೋಧದ ಭಯವನ್ನು. ಮಧ್ಯಾಹ್ನದ ದಿಂಬಿಗೂ ಸಂಜೆಯ ಪೆಟ್ಟಿಗೂ ಅದು ಸಂಬಂಧ ಕಟ್ಟಲಾರದು. ಒಡೆಯನು ಮನೆಗೆ ಬಂದರೆ ಪೆಟ್ಟು ಬೀಳುತ್ತದೆ ಎಂಬುದೊಂದನ್ನೇ ಅದು ಕಲಿಯುತ್ತದೆ. ಶಿಕ್ಷಣವೆಂದು ಗೃಹಸ್ಥನು ತಿಳಿದುದು ಮಿಥ್ಯಾಜ್ಞಾನದೊಡನೆ ಕೂಡಿದ ಕಷಾಯ. ಪ್ರಮತ್ತಯೋಗಕ್ಕೆ ಇದಕ್ಕಿಂತ ಸಮೀಪದ ಉದಾಹರಣೆ ಬೇಕೆ?

ಹೊಡೆಯದೆ ಕಲಿಸುವುದು ಸಾಧ್ಯವೆ ಎಂದು ಕೇಳುವವರುಂಟು. ನಾಯಿಯ ಮೂಗಿನ ಮುಂದೆ ತಿನಿಸಿನ ಚೂರನ್ನು ಹಿಡಿದು, ನಿಧಾನವಾಗಿ ತಲೆಯ ಮೇಲಿನಿಂದ ಹಿಂದಕ್ಕೆ ಒಯ್ಯಬೇಕು. ಮುಖ ಮೇಲೆತ್ತಿದ ನಾಯಿ ತಾನಾಗಿ ಕುಳಿತುಕೊಳ್ಳುತ್ತದೆ. ಕುಳಿತ ಆ ಕ್ಷಣದಲ್ಲೇ ‘ಭೇಷ್’ ಎಂದು ಚೂರನ್ನು ಕೊಡಬೇಕು, ತಡವಾದರೆ ಫಲವಿಲ್ಲ. ನಾಲ್ಕೈದು ನಿಮಿಷದ ಅಭ್ಯಾಸ ಒಂದು ಹೊತ್ತಿಗೆ ಸಾಕು. ಜೈನರ ಮನೆಯಲ್ಲಿ ಚಪಾತಿಯ ಅಥವಾ ಪನೀರಿನ ಚೂರು ಸಾಕಾಗುತ್ತದೆ. ದ್ರಾಕ್ಷಿ ಮಾತ್ರ ನಾಯಿಗೆ ವಿಷ. ತಪ್ಪಿದಾಗ ಚೂರು ಕೊಡದಿರುವುದು, ದಿಂಬನ್ನು ಎತ್ತಿಡುವುದು, ಇಷ್ಟೇ ಶಿಕ್ಷೆ. ಪೋರ್ಚುಗಲ್ಲಿನ ಪೋರ್ಟೊ ವಿಶ್ವವಿದ್ಯಾಲಯದ ಸಂಶೋಧಕರು 92 ಸಾಕುನಾಯಿಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಂಡನೆಯಿಂದ ಕಲಿಸುವ ಶಾಲೆಗಳ ನಾಯಿಗಳು ಹೆಚ್ಚು ಉದ್ವೇಗವನ್ನು ತೋರಿದವು; ತರಬೇತಿಯ ನಂತರ ಅವುಗಳ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಉದ್ವೇಗದ ಸ್ರಾವವೂ ಹೆಚ್ಚಿತ್ತು.

ಹಸಿದ ನಾಯಿ ಬೇಗ ಕಲಿಯುವುದೆಂದು ಉಪವಾಸ ಕೆಡವುವವರಿದ್ದಾರೆ. ಮನೆಮಂದಿಯ ವ್ರತದ ದಿನ ಒಲೆ ಹೊತ್ತದೆ ನಾಯಿಯೂ ಹಸಿದಿರುವುದುಂಟು. ಅದಕ್ಕೂ ಪುಣ್ಯವೆಂದು ನಗುವವರೂ ಉಂಟು. ಸಂಕಲ್ಪಪೂರ್ವಕ ಆಹಾರತ್ಯಾಗವೇ ಉಪವಾಸ. ಸಂಕಲ್ಪವಿಲ್ಲದ ಪ್ರಾಣಿಗೆ ಅದು ಬರಿಯ ಹಸಿವು, ಉಣಿಸಬೇಕಾದವನಿಗೆ ಅನ್ನಪಾನನಿರೋಧ. ಕಲಿಕೆಯ ಚೂರುಗಳನ್ನು ದಿನದ ಪಾಲಿನಿಂದಲೇ ತೆಗೆಯಬಹುದು, ಆದರೆ ಪಾಲು ಪೂರ್ತಿ ಸಲ್ಲಬೇಕು.

ಬಂಧದ ವಿಷಯದಲ್ಲಿ ಶ್ರಾವಕಾಚಾರದ ವ್ಯಾಖ್ಯಾನಕಾರರು ಬಹು ಸೂಕ್ಷ್ಮರು: ಕಟ್ಟಲೇಬೇಕಾದರೆ ಬೆಂಕಿ ಬಿದ್ದಾಗ ಕೂಡಲೇ ಬಿಚ್ಚಲಾಗುವಂತೆ ಸಡಿಲವಾಗಿ ಕಟ್ಟಬೇಕು. ಸದಾ ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದಿರುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಂತೆ ಅಪರಾಧವೂ ಹೌದು. ಅಂದಕ್ಕಾಗಿ ಬಾಲ, ಕಿವಿ ಕತ್ತರಿಸುವುದು ಛೇದವೆಂಬುದನ್ನು ವಿವರಿಸಬೇಕಿಲ್ಲ.

ಇದುವರೆಗೆ ಪೆಟ್ಟು ತಿಂದ ನಾಯಿ ಎತ್ತಿದ ಕೈ ಕಂಡರೆ ಕುಗ್ಗುತ್ತದೆ. ಅಂಥದರ ಎದುರಿಗೆ ನೇರವಾಗಿ ಹೋಗಬಾರದು, ತಲೆಯ ಮೇಲೆ ಕೈ ಚಾಚಬಾರದು. ಸ್ವಲ್ಪ ದೂರದಲ್ಲಿ ಪಕ್ಕಕ್ಕೆ ತಿರುಗಿ ಕುಳಿತು, ಚೂರನ್ನು ನೆಲದ ಮೇಲಿಟ್ಟು ಸುಮ್ಮನಿರಬೇಕು. ಅದು ತಾನಾಗಿ ಬರುವುದಕ್ಕೆ ವಾರಗಳು ಹಿಡಿಯಬಹುದು, ತಿಂಗಳುಗಳೂ ಹಿಡಿಯಬಹುದು.