ದೀರ್ಘಕಾಲಿಕ ಮೈಗ್ರೇನ್: ಔಷಧದ ಜೊತೆಗೊಂದು ಅಭ್ಯಾಸಕ್ರಮ

ತಿಂಗಳಿನಲ್ಲಿ 15 ಅಥವಾ ಅದಕ್ಕಿಂತ ಹೆಚ್ಚು ದಿನ ತಲೆನೋವಿದ್ದು, ಅವುಗಳಲ್ಲಿ ಕನಿಷ್ಠ 8 ದಿನ ಮೈಗ್ರೇನಿನ ಲಕ್ಷಣಗಳು ಕಂಡುಬಂದು, ಈ ಸ್ಥಿತಿ ಮೂರು ತಿಂಗಳಿಗೂ ಮೀರಿ ಮುಂದುವರಿದರೆ ವೈದ್ಯಶಾಸ್ತ್ರವು ಅದನ್ನು ದೀರ್ಘಕಾಲಿಕ ಮೈಗ್ರೇನ್ ಎಂದು ಗುರುತಿಸುತ್ತದೆ. ಜನರ ಮಾತಿನಲ್ಲಿ ಇದು ಅರೆತಲೆನೋವು ಎನಿಸಿಕೊಂಡಿದ್ದರೂ ನೋವು ಎರಡೂ ಬದಿಗೆ ಹರಡಬಹುದು. ವಾಕರಿಕೆಯೂ ಬೆಳಕು, ಸದ್ದುಗಳನ್ನು ಸಹಿಸಲಾಗದ ಸ್ಥಿತಿಯೂ ಜೊತೆಗೂಡಬಹುದು. ಪದೇ ಪದೇ ಬರುವ ನೋವಿನಿಂದ ನರವ್ಯೂಹ ಹೆಚ್ಚು ಸೂಕ್ಷ್ಮವಾಗುತ್ತದೆ, ನಿದ್ದೆಗೇಡು ಮತ್ತು ಒತ್ತಡ ಅದನ್ನು ಇನ್ನಷ್ಟು ಕೆರಳಿಸುತ್ತವೆ, ಮುಂದಿನ ನೋವು ಯಾವಾಗ ಬಂದೀತೋ ಎಂಬ ಭಯವೇ ಹೊಸ ಒತ್ತಡವಾಗುತ್ತದೆ. ಈ ಸುತ್ತನ್ನು ಒಂದು ಕಡೆಯಿಂದ ಔಷಧವೂ ಇನ್ನೊಂದು ಕಡೆಯಿಂದ ಅಭ್ಯಾಸವೂ ತುಂಡರಿಸಬೇಕಾಗಿರುವುದರಿಂದ, ಇವೆರಡೂ ಒಂದಕ್ಕೊಂದು ಬದಲಿಯಲ್ಲ.

1. ಮೊದಲು ರೋಗನಿರ್ಣಯ

ಯಾವುದೇ ಅಭ್ಯಾಸಕ್ಕೆ ತೊಡಗುವ ಮುನ್ನ ವೈದ್ಯರಿಂದ, ಅಗತ್ಯವಿದ್ದರೆ ನರರೋಗ ತಜ್ಞರಿಂದ, ತಪಾಸಣೆ ಆಗಬೇಕು. ಸಿಡಿಲು ಬಡಿದಂತೆ ಕ್ಷಣಾರ್ಧದಲ್ಲಿ ತೀವ್ರಗೊಂಡ ತಲೆನೋವು, ಜ್ವರದೊಂದಿಗೆ ಕುತ್ತಿಗೆ ಬಿಗಿತ, ಕೈಕಾಲಿನ ಬಲಹೀನತೆ, ಮಾತಿನ ತೊದಲು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. 50 ವರ್ಷದ ನಂತರ ಹೊಸದಾಗಿ ಶುರುವಾದ ತಲೆನೋವನ್ನೂ ಕಡೆಗಣಿಸಬಾರದು.

2. ನೋವಿನ ದಿನಚರಿ

ಒಂದು ಕ್ಯಾಲೆಂಡರಿನಲ್ಲಿ ನೋವಿದ್ದ ದಿನ, ಅದರ ತೀವ್ರತೆ, ನಿದ್ದೆ, ಊಟದ ಹೊತ್ತು, ಮುಟ್ಟಿನ ದಿನಗಳು ಮತ್ತು ನುಂಗಿದ ಮಾತ್ರೆಗಳನ್ನು ಗುರುತಿಸಿಕೊಳ್ಳಬೇಕು. ಇವುಗಳಲ್ಲಿ ಮಾತ್ರೆಯ ಲೆಕ್ಕ ಬಹುಮುಖ್ಯ. ಪ್ಯಾರಾಸಿಟಮಾಲ್, ಐಬುಪ್ರೊಫೇನ್‌ನಂಥ ಸಾಮಾನ್ಯ ನೋವುನಿವಾರಕಗಳನ್ನು ತಿಂಗಳಿಗೆ 15 ದಿನ, ಮೈಗ್ರೇನ್ ನೋವಿಗೆ ಕೊಡುವ ಟ್ರಿಪ್ಟಾನ್ ಅಥವಾ ಹಲವು ಔಷಧ ಬೆರೆತ ಮಾತ್ರೆಗಳನ್ನು 10 ದಿನ ಅಥವಾ ಅದಕ್ಕಿಂತ ಹೆಚ್ಚು, ಮೂರು ತಿಂಗಳಿಗೂ ಮೀರಿ ಬಳಸಿದರೆ ಮಾತ್ರೆಯೇ ತಲೆನೋವಿಗೆ ಕಾರಣವಾಗಬಹುದು. ಇದಕ್ಕೆ ಔಷಧ ಅತಿಬಳಕೆಯ ತಲೆನೋವು ಎಂದು ಹೆಸರು.

3. ತಡೆ ಔಷಧಕ್ಕೆ ಕಾಲಾವಕಾಶ

ನೋವು ಬಂದಾಗ ನುಂಗುವ ಮಾತ್ರೆ ಬೇರೆ, ನೋವು ಬಾರದಂತೆ ನಿತ್ಯ ಸೇವಿಸುವ ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್, ಟೊಪಿರಮೇಟ್‌ನಂಥ ತಡೆ ಔಷಧ ಬೇರೆ. ಎರಡನೆಯದರ ಪರಿಣಾಮ ತಿಳಿಯಲು ಎರಡು-ಮೂರು ತಿಂಗಳು ಬೇಕಾಗುವುದರಿಂದ, ಧ್ಯಾನ ಆರಂಭಿಸಿದ ಕಾರಣಕ್ಕೆ ಅದನ್ನು ತಾನಾಗಿ ನಿಲ್ಲಿಸಕೂಡದು. ಅಮೆರಿಕದಲ್ಲಿ ದೀರ್ಘಕಾಲಿಕ ಮೈಗ್ರೇನಿರುವ 10ರಿಂದ 17 ವರ್ಷದ 135 ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಮಿಟ್ರಿಪ್ಟಿಲಿನ್ ಜೊತೆ, ಯೋಚನೆ ಮತ್ತು ನಡವಳಿಕೆಯನ್ನು ಬದಲಿಸಲು ಕಲಿಸುವ ಅರಿವಿನ-ವರ್ತನಾ ಚಿಕಿತ್ಸೆ ಪಡೆದವರಿಗೆ 28 ದಿನಗಳಲ್ಲಿ ನೋವಿನ ದಿನಗಳು ಸರಾಸರಿ 11.5ರಷ್ಟು ಕಡಿಮೆಯಾದರೆ, ಅದೇ ಔಷಧದ ಜೊತೆ ತಲೆನೋವಿನ ಬಗ್ಗೆ ತಿಳಿವಳಿಕೆಯನ್ನಷ್ಟೇ ಪಡೆದವರಿಗೆ 6.8ರಷ್ಟು ಕಡಿಮೆಯಾದವು.

4. ಸ್ನಾಯು ಸಡಿಲಿಕೆ

ಪಾದದಿಂದ ಹಣೆಯವರೆಗೆ ಒಂದೊಂದೇ ಸ್ನಾಯುಗುಂಪನ್ನು ಐದಾರು ಸೆಕೆಂಡು ಹದವಾಗಿ ಬಿಗಿಹಿಡಿದು, ನಿಧಾನವಾಗಿ ಬಿಟ್ಟು, ಬಿಗಿ ಮತ್ತು ಸಡಿಲಗಳ ಅಂತರವನ್ನು ಗಮನಿಸುವುದು ಇದರ ಕ್ರಮ. ಸ್ನಾಯುಬಿಗಿತವನ್ನೋ ಬೆರಳ ತುದಿಯ ಶಾಖವನ್ನೋ ಯಂತ್ರದ ಪರದೆಯ ಮೇಲೆ ತೋರಿಸಿ, ಅದನ್ನು ಬದಲಾಯಿಸಲು ಕಲಿಸುವ ವಿಧಾನವೇ ಬಯೋಫೀಡ್‌ಬ್ಯಾಕ್.

5. ಸಾವಧಾನತೆ

ಮೈಂಡ್‌ಫುಲ್‌ನೆಸ್ ಅಥವಾ ಸಾವಧಾನತೆ ಎಂದರೆ ಈ ಕ್ಷಣದ ಅನುಭವವನ್ನು ಒಳ್ಳೆಯದು, ಕೆಟ್ಟದ್ದು ಎಂದು ತೂಗದೆ ಗಮನಿಸುವುದು. ಬೆನ್ನಿಗೆ ಆಸರೆಯಿರುವಂತೆ ಕುಳಿತು, ದಿನಕ್ಕೆ ಹತ್ತು ನಿಮಿಷ ಉಸಿರಿನ ಒಳಹೊರಗನ್ನು ಗಮನಿಸಿ, ಮನಸ್ಸು ಅಲೆದದ್ದು ತಿಳಿದಾಗ ತನ್ನನ್ನು ಹಳಿದುಕೊಳ್ಳದೆ ಮತ್ತೆ ಉಸಿರಿಗೆ ಮರಳಿದರೆ ಸಾಕು. ನೋವಿಲ್ಲದ ದಿನ ರೂಢಿಯಾಗದ ಅಭ್ಯಾಸ ನೋವಿನ ದಿನ ಕೈಗೆ ಬಾರದ ಕಾರಣ, ಇದನ್ನು ಮಾತ್ರೆಯಂತೆ ನೋವು ಬಂದಾಗ ಮಾತ್ರ ಬಳಸಲಾಗದು. ಇಟಲಿಯ ಮಿಲಾನಿನಲ್ಲಿ ದೀರ್ಘಕಾಲಿಕ ಮೈಗ್ರೇನಿನೊಂದಿಗೆ ಔಷಧ ಅತಿಬಳಕೆಯೂ ಇದ್ದವರ ಮೇಲೆ ನಡೆದ ಅಧ್ಯಯನ, ವಾಡಿಕೆಯ ಚಿಕಿತ್ಸೆಗೆ ಸಾವಧಾನತೆ ಸೇರಿದಾಗ ಒಂದು ವರ್ಷದ ಬಳಿಕ ಹೆಚ್ಚು ಜನರಲ್ಲಿ ನೋವಿನ ದಿನಗಳು ಅರ್ಧಕ್ಕೋ ಅದಕ್ಕಿಂತ ಕಡಿಮೆಗೋ ಇಳಿದದ್ದನ್ನು ದಾಖಲಿಸಿದೆ. ಅಮೆರಿಕದಲ್ಲಿ ಮೈಗ್ರೇನಿರುವ 89 ವಯಸ್ಕರ ಮೇಲೆ ನಡೆದ ಮತ್ತೊಂದು ಅಧ್ಯಯನದಲ್ಲಾದರೋ ನೋವಿನ ದಿನಗಳ ಇಳಿಕೆ ತಿಳಿವಳಿಕೆ ಪಡೆದ ಗುಂಪಿನಲ್ಲೂ ಅಷ್ಟೇ ಇತ್ತು; ಸಾವಧಾನತೆ ಕಲಿತವರಲ್ಲಿ ಹೆಚ್ಚು ಸುಧಾರಿಸಿದ್ದು ದೈನಂದಿನ ಕೆಲಸದ ಸಾಮರ್ಥ್ಯ ಮತ್ತು ಜೀವನದ ಗುಣಮಟ್ಟ.

6. ಯೋಚನೆ ಮತ್ತು ದಿನಕ್ರಮ

ಅರಿವಿನ-ವರ್ತನಾ ಚಿಕಿತ್ಸೆಯಲ್ಲಿ ಮನಃಶಾಸ್ತ್ರಜ್ಞರು, ‘ಇವತ್ತಿನ ದಿನವೇ ಹಾಳಾಯಿತು’ ಎಂಬಂಥ ಯೋಚನೆಯನ್ನು ಗುರುತಿಸಿ, ‘ಮಾತ್ರೆ ತೆಗೆದುಕೊಂಡಾಗಿದೆ, ಒಂದು ಗಂಟೆ ಕತ್ತಲ ಕೋಣೆಯಲ್ಲಿ ಮಲಗಿ ನೋಡೋಣ’ ಎಂಬ ಕಾರ್ಯಸಾಧ್ಯ ಯೋಚನೆಯತ್ತ ತಿರುಗುವುದನ್ನು ಕಲಿಸುತ್ತಾರೆ. ನೋವಿಲ್ಲದ ದಿನ ಬಾಕಿ ಕೆಲಸವನ್ನೆಲ್ಲ ಒಮ್ಮೆಲೇ ಮುಗಿಸಹೊರಟು ಮತ್ತೆ ಹಾಸಿಗೆ ಹಿಡಿಯದಂತೆ ಕೆಲಸವನ್ನು ಹಂಚಿಕೊಳ್ಳುವುದು, ರಜಾದಿನವೂ ಅದೇ ಹೊತ್ತಿಗೆ ಮಲಗಿ ಏಳುವುದು, ಉಪವಾಸದ ನೆಪದಲ್ಲಿ ಊಟ ತಪ್ಪಿಸದಿರುವುದು ಇದರ ಭಾಗಗಳೇ. ಖಿನ್ನತೆ ಇರುವವರು, ಕಣ್ಣು ಮುಚ್ಚಿ ಕುಳಿತಾಗ ಹಳೆಯ ಆಘಾತಗಳು ಮರುಕಳಿಸುವವರು ಈ ಅಭ್ಯಾಸಗಳನ್ನು ತಜ್ಞರ ಮಾರ್ಗದರ್ಶನದಲ್ಲೇ ಮಾಡುವುದು ಒಳಿತು.

7. ಮೂರು ತಿಂಗಳ ಲೆಕ್ಕ

ಮೂರು ತಿಂಗಳಾದ ಮೇಲೆ ದಿನಚರಿಯನ್ನು ವೈದ್ಯರ ಮುಂದಿಟ್ಟು ನೋವಿನ ದಿನ, ಮಾತ್ರೆಯ ದಿನ, ಕೆಲಸ ತಪ್ಪಿದ ದಿನಗಳನ್ನು ಬೇರೆಬೇರೆಯಾಗಿ ಹೋಲಿಸಬೇಕು. ತಿಂಗಳಿಗೆ 20 ದಿನವಿದ್ದ ನೋವು 14ಕ್ಕೆ ಇಳಿದಿದ್ದರೆ ಮನಸ್ಸಿಗೆ ಅದಿನ್ನೂ ಬಹಳವೆನಿಸುವುದು ಸಹಜ. ಆದರೆ ಔಷಧವನ್ನು ಮುಂದುವರಿಸಬೇಕೋ ಬದಲಿಸಬೇಕೋ ಎಂಬುದನ್ನು ತೀರ್ಮಾನಿಸುವಾಗ ವೈದ್ಯರಿಗೆ ನೆರವಾಗುವುದು ಆ ಆರು ದಿನಗಳ ಲೆಕ್ಕವೇ.