ವಿದ್ಯುಜ್ಜಾಲದ ನಾಡಿಮಿಡಿತ

ಸಂಜೆ ಮನೆಗೆ ಬಂದು ಸ್ವಿಚ್ಚನ್ನು ಒತ್ತುತ್ತೇವೆ; ದೀಪ ಬೆಳಗುತ್ತದೆ. ಆ ದೀಪಕ್ಕೆ ಬೇಕಾದ ವಿದ್ಯುತ್ತು ಆ ತನಕ ಎಲ್ಲಿತ್ತು? ತೊಟ್ಟಿಯಲ್ಲಿ ನೀರು ತುಂಬಿಟ್ಟಂತೆ ತಂತಿಯಲ್ಲಿ ಅದನ್ನು ಯಾರೂ ತುಂಬಿಟ್ಟಿರಲಿಲ್ಲ. ನಾವು ಸ್ವಿಚ್ಚು ಒತ್ತಿದ ಕ್ಷಣದಲ್ಲಿಯೇ ನೂರಾರು ಮೈಲಿಯಾಚೆ ಎಲ್ಲಿಯೋ ಒಂದು ಯಂತ್ರ ಅಷ್ಟು ಹೆಚ್ಚು ದುಡಿಯಬೇಕು. ಬೇಡಿಕೆ ಎಷ್ಟೋ ಉತ್ಪಾದನೆಯೂ ಅಷ್ಟೇ; ಅದೂ ದಿನದ ಲೆಕ್ಕದಲ್ಲಲ್ಲ, ಗಂಟೆಯ ಲೆಕ್ಕದಲ್ಲಲ್ಲ, ಪ್ರತಿ ಕ್ಷಣದಲ್ಲಿಯೂ. ವಿದ್ಯುತ್ ಸರಬರಾಜಿನ ಶಾಸ್ತ್ರವೆಲ್ಲ ಈ ಒಂದು ನಿಯಮದ ಸುತ್ತ ಬೆಳೆದು ನಿಂತಿದೆ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದಾಗ ಈ ನಿಯಮವನ್ನು ಪಾಲಿಸುವುದು ಅಷ್ಟು ಕಷ್ಟವಾಗಿರಲಿಲ್ಲ. ಉತ್ಪಾದಿಸುವ ಕೇಂದ್ರ ಒಂದು, ಬಳಸುವ ಸ್ಥಳ ಒಂದು, ನಡುವೆ ಸುಮಾರು 147 ಕಿಲೋಮೀಟರು ಉದ್ದದ ತಂತಿ. ಇಂದಿನ ಸ್ಥಿತಿ ಬೇರೆ. 2013ರ ಡಿಸೆಂಬರ್ 31ರಂದು ರಾಯಚೂರು ಮತ್ತು ಸೋಲಾಪುರಗಳ ನಡುವೆ 765 ಕಿಲೋವೋಲ್ಟಿನ ಮಾರ್ಗ ಜೋಡಣೆಗೊಂಡಾಗ ದಕ್ಷಿಣ ಭಾರತದ ವಿದ್ಯುಜ್ಜಾಲವು ಉಳಿದ ಭಾರತದ ಜಾಲದೊಡನೆ ಒಂದಾಯಿತು. ಅಂದಿನಿಂದ ಶರಾವತಿಯ ವಿದ್ಯುಜ್ಜನಕವೂ ಉತ್ತರ ಭಾರತದ ಕಲ್ಲಿದ್ದಲಿನ ಕೇಂದ್ರದ ವಿದ್ಯುಜ್ಜನಕವೂ ಒಂದೇ ತಾಳಕ್ಕೆ ತಿರುಗುತ್ತಿವೆ. ಆ ತಾಳವೇ ಜಾಲದ ಆವರ್ತಾಂಕ: ಸೆಕೆಂಡಿಗೆ 50 ಆವರ್ತಗಳು, ಅಂದರೆ 50 ಹರ್ಟ್ಸ್.

ಚಕ್ರದ ಜಡತ್ವ

ಕುಂಬಾರನ ತಿಗರಿಯನ್ನು ನೋಡಿದವರಿಗೆ ಆವರ್ತಾಂಕದ ಮಹತ್ವವನ್ನು ವಿವರಿಸುವುದು ಸುಲಭ. ಕೋಲಿನಿಂದ ಒಮ್ಮೆ ಬಲವಾಗಿ ತಿರುಗಿಸಿಬಿಟ್ಟರೆ ತಿಗರಿ ಬಹಳ ಹೊತ್ತು ತಿರುಗುತ್ತದೆ. ಕುಂಬಾರನು ಮಣ್ಣನ್ನು ಒತ್ತಿದಾಗ ಅದರ ವೇಗ ತುಸು ತಗ್ಗುತ್ತದೆ. ಆದರೆ ತಟ್ಟನೆ ನಿಲ್ಲುವುದಿಲ್ಲ. ಅದರ ತೂಕವೂ ವೇಗವೂ ಸೇರಿ ಒಂದಿಷ್ಟು ಶಕ್ತಿಯನ್ನು ಹಿಡಿದಿಟ್ಟಿರುತ್ತವೆ. ವಿದ್ಯುಜ್ಜನಕದ ನೂರಾರು ಟನ್ನು ತೂಕದ ಚಕ್ರಗಳೂ ಹೀಗೆಯೇ. ಬೇಡಿಕೆ ಥಟ್ಟನೆ ಏರಿದರೆ ಕೊರತೆಯಾದ ಶಕ್ತಿಯು ಮೊದಲು ಈ ಚಕ್ರಗಳ ತಿರುಗಾಟದಿಂದ ಬರುತ್ತದೆ. ವೇಗ ತಗ್ಗುತ್ತದೆ, ಆವರ್ತಾಂಕ 50ಕ್ಕಿಂತ ಕೆಳಗಿಳಿಯುತ್ತದೆ. ಬೇಡಿಕೆ ಕುಸಿದರೆ ಚಕ್ರಗಳ ವೇಗ ಹೆಚ್ಚುತ್ತದೆ, ಆವರ್ತಾಂಕ ಏರುತ್ತದೆ. ವೈದ್ಯರು ನಾಡಿ ಹಿಡಿದು ದೇಹಸ್ಥಿತಿಯನ್ನು ತಿಳಿಯುವಂತೆ, ಇಂಜಿನಿಯರುಗಳು ಆವರ್ತಾಂಕವನ್ನು ನೋಡಿ ಜಾಲದ ಆರೋಗ್ಯವನ್ನು ತಿಳಿಯುತ್ತಾರೆ.

ಈ ನಾಡಿಯನ್ನು ಇಡೀ ದೇಶವೇ ಪರೀಕ್ಷಿಸಿದ ಒಂದು ಸಂದರ್ಭ 2020ರ ಏಪ್ರಿಲ್ 5ರ ರಾತ್ರಿ ಒದಗಿತು. ಅಂದು 9 ಗಂಟೆಗೆ ಒಂಬತ್ತು ನಿಮಿಷಗಳ ಕಾಲ ಜನರು ಮನೆಯ ದೀಪಗಳನ್ನು ಆರಿಸಿ ಹಣತೆಗಳನ್ನು ಹಚ್ಚಿದರು. ಬೇಡಿಕೆಯು 12,000ದಿಂದ 14,000 ಮೆಗಾವಾಟ್‌ಗಳಷ್ಟು ಇಳಿಯಬಹುದೆಂದು ಜಾಲದ ನಿರ್ವಾಹಕರು ಅಂದಾಜು ಮಾಡಿದ್ದರು. ವಾಸ್ತವವಾಗಿ ಇಳಿದದ್ದು ಸುಮಾರು 31,000 ಮೆಗಾವಾಟ್. ಆದರೂ ಅಂದು ದೇಶ ಕತ್ತಲಾಗಲಿಲ್ಲ. ಈ ಇಳಿಕೆಯ ಅರ್ಧಕ್ಕಿಂತ ಹೆಚ್ಚಿನ ಭಾಗವನ್ನು ಜಲವಿದ್ಯುತ್ ಕೇಂದ್ರಗಳು ನಿಭಾಯಿಸಿದವು. ನೀರಿನ ಬಾಗಿಲನ್ನು ನಿಮಿಷಗಳೊಳಗೆ ಮುಚ್ಚಿ, ದೀಪಗಳು ಮತ್ತೆ ಹೊತ್ತಿದಾಗ ನಿಮಿಷಗಳೊಳಗೆ ತೆರೆಯಲು ಸಾಧ್ಯವಾದುದರಿಂದ ಆವರ್ತಾಂಕವು 49.7 ಮತ್ತು 50.26 ಹರ್ಟ್ಸ್‌ಗಳ ನಡುವೆಯೇ ನಿಂತಿತು. ಮೊದಲೇ ಸಿದ್ಧತೆ ಇದ್ದುದೂ, ಹರಿಸಲು ಜಲಾಶಯಗಳಲ್ಲಿ ನೀರಿದ್ದುದೂ ಇದಕ್ಕೆ ಕಾರಣ.

ತಿರುಗದ ವಿದ್ಯುತ್ ಕೇಂದ್ರ

ಈಗ ತುಮಕೂರು ಜಿಲ್ಲೆಯ ಪಾವಗಡಕ್ಕೆ ಹೋಗೋಣ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ಭೂಮಿಯ ಮೇಲೆ 2,050 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಉದ್ಯಾನ ಹರಡಿಕೊಂಡಿದೆ. ಇಲ್ಲಿ ಟರ್ಬೈನಿನ ಭೋರ್ಗರೆತವಿಲ್ಲ, ಚಕ್ರವಿಲ್ಲ. ಸೂರ್ಯನ ಬೆಳಕು ಸಿಲಿಕಾನ್ ಫಲಕಗಳ ಮೇಲೆ ಬಿದ್ದೊಡನೆ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತು, ಎಂದರೆ ಏಕಮುಖ ಪ್ರವಾಹವು ಹುಟ್ಟುತ್ತದೆ. ನಮ್ಮ ಜಾಲದಲ್ಲಿ ಹರಿಯುವುದಾದರೋ ಸೆಕೆಂಡಿಗೆ 50 ಸಲ ಹಿಂದಕ್ಕೂ ಮುಂದಕ್ಕೂ ಆಂದೋಲಿಸುವ ಪರ್ಯಾಯ ಪ್ರವಾಹ. ಮೊದಲನೆಯದನ್ನು ಎರಡನೆಯದನ್ನಾಗಿ ಮಾರ್ಪಡಿಸುವ ಉಪಕರಣವೇ ಇನ್ವರ್ಟರು. ಮನೆಗಳಲ್ಲಿ ಬ್ಯಾಟರಿಯೊಡನೆ ಇಟ್ಟುಕೊಳ್ಳುವ ಇನ್ವರ್ಟರಿನ ಹಿರಿಯಣ್ಣನೆಂದು ಇದನ್ನು ಭಾವಿಸಬಹುದು.

ಹೀಗಿರಲು ಎರಡು ಪ್ರಶ್ನೆಗಳು ಏಳುತ್ತವೆ. ಈ ಪರಿವರ್ತನೆಯಲ್ಲಿ ಎಷ್ಟು ಶಕ್ತಿ ವ್ಯರ್ಥವಾಗುತ್ತದೆ? ಚಕ್ರವೇ ಇಲ್ಲದ ಕೇಂದ್ರಗಳು ಹೆಚ್ಚಿದಂತೆ ಜಾಲದ ನಾಡಿಯನ್ನು ಹಿಡಿದು ನಿಲ್ಲಿಸುವವರು ಯಾರು? ಇಂದಿನ ಸಂಶೋಧನೆಯ ಬಹುಭಾಗವು ಈ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಅರಸುತ್ತಿದೆ.

ಸ್ವಿಚ್ಚಿನ ಗುಟ್ಟು

ಮೊದಲನೆಯ ಪ್ರಶ್ನೆಗೆ ಉತ್ತರವು ನಮ್ಮ ತಲೆಯ ಮೇಲೆಯೇ ತಿರುಗುತ್ತಿದೆ. ಹಳೆಯ ಮನೆಗಳಲ್ಲಿ ಫ್ಯಾನಿನ ವೇಗವನ್ನು ತಗ್ಗಿಸಲು ಗೋಡೆಯ ಮೇಲೆ ದೊಡ್ಡದೊಂದು ರೆಗ್ಯುಲೇಟರ್ ಪೆಟ್ಟಿಗೆ ಇರುತ್ತಿತ್ತು. ಅದನ್ನು ಮುಟ್ಟಿದರೆ ಬಿಸಿ. ಒಳಗಿದ್ದ ತಂತಿಸುರುಳಿಯ ರೋಧದಲ್ಲಿ ಬೇಡವಾದ ವಿದ್ಯುತ್ತು ಶಾಖವಾಗಿ ಹೋಗುತ್ತಿದ್ದುದೇ ಇದಕ್ಕೆ ಕಾರಣ. ಇಂದಿನ ಪುಟ್ಟ ರೆಗ್ಯುಲೇಟರು ಅಷ್ಟು ಬಿಸಿಯಾಗುವುದಿಲ್ಲ. ಅದು ವಿದ್ಯುತ್ತನ್ನು ತಡೆದು ಸುಡುವುದಿಲ್ಲ; ಪ್ರತಿ ಅರ್ಧ ಆವರ್ತದಲ್ಲಿಯೂ ಸ್ವಲ್ಪ ಹೊತ್ತು ಕಡಿದು, ಸ್ವಲ್ಪ ಹೊತ್ತು ಹರಿಯಬಿಡುತ್ತದೆ.

ಯಾವುದೇ ಸ್ವಿಚ್ಚಿನಲ್ಲಿ ಉಂಟಾಗುವ ಶಾಖವು ಅದರ ಎರಡು ತುದಿಗಳ ನಡುವಣ ವೋಲ್ಟೇಜು ಮತ್ತು ಅದರ ಮೂಲಕ ಹರಿಯುವ ಪ್ರವಾಹ, ಇವುಗಳ ಗುಣಲಬ್ಧವಷ್ಟೆ. ಮಂಡಲ ಪೂರ್ಣವಾದಾಗ ಪ್ರವಾಹವಿದೆ, ಆದರೆ ಸ್ವಿಚ್ಚಿನ ಮೇಲೆ ವೋಲ್ಟೇಜು ಹೆಚ್ಚುಕಡಿಮೆ ಸೊನ್ನೆ. ಮಂಡಲ ಕಡಿದಾಗ ವೋಲ್ಟೇಜಿದೆ, ಪ್ರವಾಹ ಸೊನ್ನೆ. ಎರಡು ಸ್ಥಿತಿಗಳಲ್ಲಿಯೂ ಗುಣಲಬ್ಧ ಸೊನ್ನೆಗೆ ಸಮೀಪ. ಇನ್ವರ್ಟರಿನ ತಿರುಳು ಈ ಸರಳ ಗುಣಾಕಾರವೇ. ಅದರೊಳಗಿನ ಅರೆವಾಹಕ ಸ್ವಿಚ್ಚುಗಳು ಸೆಕೆಂಡಿಗೆ ಸಾವಿರಾರು ಸಲ ಮಂಡಲವನ್ನು ಕೂಡಿಸಿ ಕಡಿಯುತ್ತವೆ. ಕೂಡಿಸಿರುವ ಕಾಲವನ್ನು ಮೆಲ್ಲಮೆಲ್ಲನೆ ಹೆಚ್ಚಿಸಿ ಮತ್ತೆ ತಗ್ಗಿಸಿದರೆ, ಸರಾಸರಿ ವೋಲ್ಟೇಜು ಅಲೆಯಂತೆ ಏರಿ ಇಳಿಯುತ್ತದೆ. ಸೆಕೆಂಡಿಗೆ 20,000 ಸಲ ಸ್ವಿಚ್ಚು ಆಡಿದರೆ 50 ಹರ್ಟ್ಸ್‌ನ ಒಂದು ಆವರ್ತದಲ್ಲಿ 400 ತುಣುಕುಗಳು ಬಂದಂತಾಯಿತು. ಸುರುಳಿಗಳೂ ಕೆಪ್ಯಾಸಿಟರುಗಳೂ ಈ ತುಣುಕುಗಳ ಏಣುಗಳನ್ನು ಸವರಿ ನಯವಾದ ಅಲೆಯನ್ನು ಹೊರಕ್ಕೆ ಕಳುಹಿಸುತ್ತವೆ.

ಆದರೆ ಕಡಿದ ಸ್ಥಿತಿಯಿಂದ ಕೂಡಿದ ಸ್ಥಿತಿಗೆ ದಾಟುವ ಕಿರುಗಾಲದಲ್ಲಿ ವೋಲ್ಟೇಜೂ ಪ್ರವಾಹವೂ ಒಟ್ಟಿಗೆ ಇರುತ್ತವೆ. ಆಗ ಶಾಖ ಹುಟ್ಟುತ್ತದೆ. ಸ್ವಿಚ್ಚನ್ನು ಹೆಚ್ಚು ಸಲ ಆಡಿಸಿದರೆ ಸುರುಳಿಗಳನ್ನು ಚಿಕ್ಕದಾಗಿಸಬಹುದು, ಆದರೆ ದಾಟುವಿಕೆಯ ನಷ್ಟ ಹೆಚ್ಚುತ್ತದೆ. ಈ ಬಿಕ್ಕಟ್ಟಿನಿಂದ ಪಾರಾಗಲು ವಿಜ್ಞಾನಿಗಳು ಸಿಲಿಕಾನ್ ಕಾರ್ಬೈಡ್, ಗ್ಯಾಲಿಯಮ್ ನೈಟ್ರೈಡ್ ಎಂಬ ಅರೆವಾಹಕಗಳತ್ತ ತಿರುಗಿದ್ದಾರೆ. ಇವು ಸಿಲಿಕಾನಿಗಿಂತ ಸುಮಾರು ಹತ್ತು ಪಟ್ಟು ತೀವ್ರವಾದ ವಿದ್ಯುತ್ ಕ್ಷೇತ್ರವನ್ನು ತಾಳಿಕೊಳ್ಳಬಲ್ಲವು. ಆದ್ದರಿಂದ ಅದೇ ವೋಲ್ಟೇಜನ್ನು ತಡೆಯಲು ಬಹಳ ತೆಳುವಾದ ಪದರ ಸಾಕು. ಪದರ ತೆಳುವಾದರೆ ರೋಧ ಕಡಿಮೆ, ದಾಟುವಿಕೆಯೂ ಶೀಘ್ರ. ಈಚಿನ ಮೊಬೈಲ್ ಚಾರ್ಜರುಗಳು ಅಂಗೈಯಲ್ಲಿ ಅಡಗುವಷ್ಟು ಚಿಕ್ಕವಾಗಿರುವುದಕ್ಕೆ ಗ್ಯಾಲಿಯಮ್ ನೈಟ್ರೈಡೂ ಒಂದು ಕಾರಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಇದರ ಸ್ವಿಚ್ಚುಗಳ ಬಗೆಗೆ ಸಂಶೋಧನೆ ನಡೆದಿದೆ.

ಒಂದೆರಡು ಅಂಶದ ದಕ್ಷತೆಗಾಗಿ ಇಷ್ಟೊಂದು ಶ್ರಮವೇಕೆ ಎಂದು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ನಡುಹಗಲಿನಲ್ಲಿ 2,000 ಮೆಗಾವಾಟ್ ವಿದ್ಯುತ್ತು ಶೇಕಡಾ 98 ದಕ್ಷತೆಯುಳ್ಳ ಇನ್ವರ್ಟರುಗಳ ಮೂಲಕ ಹಾದುಹೋಗುವುದೆಂದು ಇಟ್ಟುಕೊಂಡರೆ, 40 ಮೆಗಾವಾಟ್ ಶಾಖವಾಗಿ ಗಾಳಿಗೆ ಸೇರುತ್ತದೆ. ಶಿವನಸಮುದ್ರದ ಕೇಂದ್ರದ ಒಟ್ಟು ಸಾಮರ್ಥ್ಯವೇ 42 ಮೆಗಾವಾಟ್! ದಕ್ಷತೆಯನ್ನು 99ಕ್ಕೆ ಏರಿಸಿದರೆ ಈ ನಷ್ಟ ಅರ್ಧಕ್ಕೆ ಇಳಿಯುತ್ತದೆ. ಉಪಕರಣವೂ ಅಷ್ಟು ತಂಪಾಗಿದ್ದು ಹೆಚ್ಚು ಕಾಲ ಬಾಳುತ್ತದೆ.

ಒಂದು ರಾಜ್ಯ ಕತ್ತಲಾದ ಬಗೆ

ಎರಡನೆಯ ಪ್ರಶ್ನೆ, ನಾಡಿಯನ್ನು ಹಿಡಿಯುವವರು ಯಾರೆಂಬುದು, ಇನ್ನೂ ಗಹನವಾದುದು. ಇದರ ಪಾಠವನ್ನು ಜಗತ್ತು ಕಲಿತದ್ದು ಆಸ್ಟ್ರೇಲಿಯಾ ಖಂಡದ ದಕ್ಷಿಣ ಆಸ್ಟ್ರೇಲಿಯಾ ರಾಜ್ಯದಲ್ಲಿ. ಅಲ್ಲಿ ಗಾಳಿಯಿಂದ ವಿದ್ಯುತ್ತನ್ನು ಪಡೆಯುವುದು ಬಹಳ ಹಿಂದೆಯೇ ಬೆಳೆದಿತ್ತು. 2016ರ ಸೆಪ್ಟೆಂಬರ್ 28ರಂದು ಭಾರಿ ಬಿರುಗಾಳಿ ಬೀಸಿ ವಿದ್ಯುತ್ ಗೋಪುರಗಳು ಉರುಳಿದವು. ಕೆಲವೇ ನಿಮಿಷಗಳಲ್ಲಿ ಜಾಲದ ವೋಲ್ಟೇಜು ಮತ್ತೆ ಮತ್ತೆ ಕುಸಿಯಿತು. ಇಂಥ ಕುಸಿತಗಳು ಗೊತ್ತಾದ ಸಂಖ್ಯೆಯನ್ನು ಮೀರಿದರೆ ಉತ್ಪಾದನೆಯನ್ನು ತಗ್ಗಿಸಬೇಕೆಂಬ ನಿಯಮ ಅನೇಕ ಗಾಳಿಯಂತ್ರಗಳ ನಿಯಂತ್ರಕಗಳಲ್ಲಿ ಅಡಕವಾಗಿತ್ತು. ಅವು ಆ ನಿಯಮವನ್ನು ತಪ್ಪದೆ ಪಾಲಿಸಿದವು. ಏಳು ಸೆಕೆಂಡುಗಳೊಳಗೆ 456 ಮೆಗಾವಾಟ್ ಮಾಯವಾಯಿತು. ಕೊರತೆಯ ಭಾರವೆಲ್ಲ ನೆರೆಯ ವಿಕ್ಟೋರಿಯಾದಿಂದ ಬರುವ ಮಾರ್ಗದ ಮೇಲೆ ಬಿದ್ದು ಅದೂ ಕಡಿದುಕೊಂಡಿತು. ಇಡೀ ರಾಜ್ಯ ಕತ್ತಲಾಯಿತು. ಯಂತ್ರಗಳು ಕೆಟ್ಟಿರಲಿಲ್ಲ. ಜಾಲಕ್ಕೆ ನೆರವು ಬೇಕಾದ ಗಳಿಗೆಯಲ್ಲಿ ತಮ್ಮನ್ನು ತಾವು ಕಾಪಾಡಿಕೊಳ್ಳುವಂತೆ ಅವುಗಳಿಗೆ ವಿಧಿಸಲಾಗಿತ್ತು, ಅಷ್ಟೆ.

ಆ ನಿಯಮಗಳನ್ನು ಅನಂತರ ತಿದ್ದಲಾಯಿತು. 2017ರ ಅಂತ್ಯದ ವೇಳೆಗೆ ಅದೇ ರಾಜ್ಯದ ಹಾರ್ನ್ಸ್‌ಡೇಲ್‌ನಲ್ಲಿ 100 ಮೆಗಾವಾಟಿನ ಬ್ಯಾಟರಿ ಕೇಂದ್ರವೊಂದು ಕೆಲಸಕ್ಕೆ ತೊಡಗಿತು. ಆವರ್ತಾಂಕ ತಗ್ಗಿದರೆ ಅದರ ಇನ್ವರ್ಟರುಗಳು ಸೆಕೆಂಡಿನ ಅಂಶದಲ್ಲಿ ಶಕ್ತಿಯನ್ನು ಜಾಲಕ್ಕೆ ನೀಡಬಲ್ಲವು. 2022ರಲ್ಲಿ ಅದು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಿರುಗುವ ಚಕ್ರದ ಜಡತ್ವವನ್ನು ಅನುಕರಿಸತೊಡಗಿತು.

ಇದನ್ನು ಸಂಗೀತ ಕಚೇರಿಗೆ ಹೋಲಿಸಬಹುದು. ಸಾಮಾನ್ಯ ಇನ್ವರ್ಟರು ಶ್ರುತಿಯನ್ನು ಕೇಳಿಕೊಂಡು ಅದಕ್ಕೆ ಹೊಂದಿಕೊಂಡು ಹಾಡುವ ಗಾಯಕನಂತೆ. ಶ್ರುತಿ ನಿಂತರೆ ಅವನೂ ತಡವರಿಸುತ್ತಾನೆ. ಇದುವರೆಗೆ ಶ್ರುತಿಯನ್ನು ಹಿಡಿದುಕೊಂಡಿದ್ದವು ದೊಡ್ಡ ತಿರುಗುಯಂತ್ರಗಳು. ಅವುಗಳ ಪಾಲು ಕಡಿಮೆಯಾಗುತ್ತ ಬಂದಂತೆ, ಇನ್ವರ್ಟರುಗಳಲ್ಲಿಯೇ ಕೆಲವು ಸ್ವತಂತ್ರವಾಗಿ ಶ್ರುತಿಯನ್ನು ಹಿಡಿಯಬೇಕಾಗುತ್ತದೆ. ಅಂಥ ಇನ್ವರ್ಟರುಗಳು ಸಾವಿರಗಟ್ಟಲೆ ಸೇರಿದಾಗ ಒಂದರೊಡನೊಂದು ಸೆಣಸದೆ ಹೇಗೆ ಕೂಡಿ ಬಾಳಬೇಕೆಂಬುದು ಇಂದಿನ ಸಂಶೋಧಕರ ಮುಂದಿರುವ ಜಟಿಲ ಸಮಸ್ಯೆ.

ಬೇಡಿಕೆಗೂ ಬುದ್ಧಿ

ಇದುವರೆಗೆ ಉತ್ಪಾದನೆಯನ್ನು ಮಾತ್ರ ತಿದ್ದುವ ಮಾತಾಯಿತು. ತಕ್ಕಡಿಗೆ ಎರಡು ತಟ್ಟೆಗಳಿವೆಯಷ್ಟೆ. ಬೇಡಿಕೆಯ ತಟ್ಟೆಯನ್ನೂ ಹದಕ್ಕೆ ತರಬಹುದು. ಇದೇ ಜಾಣ ವಿದ್ಯುಜ್ಜಾಲದ, ಎಂದರೆ ಸ್ಮಾರ್ಟ್ ಗ್ರಿಡ್‌ನ, ಇನ್ನೊಂದು ಮುಖ. ನಮ್ಮ ದೇಶದ ಜಾಲದ ನಿರ್ವಾಹಕರು ದಿನವನ್ನು ಹದಿನೈದು ನಿಮಿಷಗಳ 96 ಭಾಗಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಮುಂಚಿತವಾಗಿ ಉತ್ಪಾದನೆಯ ಯೋಜನೆ ಹಾಕುತ್ತಾರೆ. ತಿಂಗಳಿಗೊಮ್ಮೆ ಓದುವ ಹಳೆಯ ಮೀಟರು ಈ 96 ಭಾಗಗಳಲ್ಲಿ ಯಾವಾಗ ಎಷ್ಟು ಬಳಸಿದೆವೆಂಬುದನ್ನು ಹೇಳಲಾರದು. ಅಲ್ಪ ಅವಧಿಗಳಲ್ಲಿ ಅಳೆದು ಸುದ್ದಿ ಕಳುಹಿಸುವ ಸ್ಮಾರ್ಟ್ ಮೀಟರು ಅದನ್ನು ಹೇಳಬಲ್ಲದು. ಆಗ ಹಗಲಿಗೊಂದು ದರ, ಸಂಜೆಗೊಂದು ದರ ವಿಧಿಸಲು ಸಾಧ್ಯವಾಗುತ್ತದೆ.

ನಮಗೆ ಬೇಕಾದುದು ವಿದ್ಯುತ್ತಲ್ಲ, ಅದರಿಂದಾಗುವ ಕೆಲಸ. ಹೊಲಕ್ಕೆ ನೀರು ಬೇಕು. ಅದನ್ನು ಸೂರ್ಯನಿರುವಾಗಲೇ ಎತ್ತಬಹುದು. ಹೀಗೆ ಮಾಡಿದರೆ ರೈತನು ಅಪರಾತ್ರಿಯಲ್ಲಿ ಹಾವು ಚೇಳುಗಳ ನಡುವೆ ಪಂಪನ್ನು ಹಾಕಲು ಹೋಗುವುದೂ ತಪ್ಪುತ್ತದೆ. ವಿದ್ಯುತ್ ವಾಹನಕ್ಕೆ ಬೆಳಗಿನ ಹೊತ್ತಿಗೆ ತುಂಬಿದ ಬ್ಯಾಟರಿ ಬೇಕು. ಸಂಜೆ ಏಳು ಗಂಟೆಗೇ ಅದನ್ನು ತುಂಬಲು ತೊಡಗಬೇಕೆಂದೇನೂ ಇಲ್ಲ. ಆಸ್ಪತ್ರೆಯ ದೀಪವನ್ನೂ ಓದುವ ಹುಡುಗಿಯ ದೀಪವನ್ನೂ ಮಾತ್ರ ಮುಂದೂಡುವಂತಿಲ್ಲ. ಯಾವುದನ್ನು ಮುಂದೂಡಬಹುದು, ಯಾವುದನ್ನು ಕೂಡದು ಎಂಬ ವಿವೇಕವನ್ನು ಯಂತ್ರಕ್ಕೆ ಕಲಿಸುವವರು ಮನುಷ್ಯರೇ. ಆ ವಿವೇಕ ತಪ್ಪಿದರೆ ಆಗುವ ಅನಾಹುತವನ್ನು ದಕ್ಷಿಣ ಆಸ್ಟ್ರೇಲಿಯಾದಲ್ಲಿ ಕಂಡೆವು.

ಪಾವಗಡದಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಊರೂರುಗಳಲ್ಲಿ ದೀಪಗಳು ಹೊತ್ತುತ್ತವೆ. ಒಂದು ಕಡೆ ಉತ್ಪಾದನೆ ಇಳಿಯುತ್ತಿರುತ್ತದೆ, ಇನ್ನೊಂದು ಕಡೆ ಬೇಡಿಕೆ ಏರುತ್ತಿರುತ್ತದೆ. ಈ ಎರಡರ ನಡುವಣ ಕಂದರವನ್ನು ತುಂಬಲು ಶರಾವತಿಯ ಯಂತ್ರಗಳು ಹೆಚ್ಚು ದುಡಿಯಬೇಕು. ಲಿಂಗನಮಕ್ಕಿಯ ನೀರು ಇಳಿಯಬೇಕು. ಆ ನೀರಿಗೆ ಮಿತಿಯಿದೆ. ಮಳೆ ಕೈಕೊಟ್ಟ ವರ್ಷ ಅದು ಇನ್ನೂ ಕಡಿಮೆ. ಹಗಲು ನೀರೆತ್ತಿದ ಪಂಪು, ಸಂಜೆ ತಡೆದು ನಿಂತ ಚಾರ್ಜರು, ಬ್ಯಾಟರಿಯಲ್ಲಿ ಕೂಡಿಟ್ಟ ಬಿಸಿಲು, ಶಾಖವಾಗಿ ಸೋರದೆ ಉಳಿದ ಆ ಶೇಕಡಾ ಒಂದು: ಇವೆಲ್ಲವೂ ಕಡೆಗೆ ಆ ಜಲಾಶಯದಲ್ಲಿ ಉಳಿದ ನೀರೇ ಸರಿ. ಇಂದು ಸಂಜೆ ಸ್ವಿಚ್ಚನ್ನು ಒತ್ತುವಾಗ ವಿದ್ಯಾರ್ಥಿಗಳು ಇದನ್ನು ಒಮ್ಮೆ ನೆನೆದರೆ, ಪಠ್ಯಪುಸ್ತಕದಲ್ಲಿ ಕಲಿತ ಶಕ್ತಿಸಂರಕ್ಷಣೆಯ ನಿಯಮವು ತಮ್ಮ ಬೆರಳ ತುದಿಯಲ್ಲಿಯೇ ಕೆಲಸ ಮಾಡುತ್ತಿರುವುದನ್ನು ಕಂಡಾರು.