ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿರುವ ನನ್ನ ವಯಸ್ಸಿನವರಿಗೆ

ಮಕ್ಕಳನ್ನು ನೋಡಲು ಬೆಂಗಳೂರಿನಿಂದ ಮೊದಲ ಸಲ ಅಷ್ಟು ದೂರ ಹೊರಟಿದ್ದೀರಿ. ನಾಲ್ಕು ಮಾತು ಕೇಳಿಸಿಕೊಳ್ಳಿ.

• ನೇರ ಅಂತರ ಸುಮಾರು 14,000 ಕಿ.ಮೀ. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಆಸುಪಾಸು. ಭಾಗಿಸಿದರೆ ಹದಿನೈದೂವರೆ ಗಂಟೆ ಬರುತ್ತದೆ. ಆ ಲೆಕ್ಕ ನಂಬಬೇಡಿ.

• ಗೋಡೆಯ ಭೂಪಟ ನೋಡಿ ದಾರಿ ಊಹಿಸಲೂಬೇಡಿ. ಹತ್ತಿರದ ದಾರಿ ಇರುವುದು ಉತ್ತರ ಧ್ರುವದ ಕಡೆಯಿಂದ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಮಹಿಳಾ ಪೈಲಟ್‌ಗಳ ತಂಡ ಧ್ರುವದ ಮೇಲಿನಿಂದಲೇ ತಂದು ದೇವನಹಳ್ಳಿಯಲ್ಲಿ ಇಳಿಸಿತ್ತು. ಹಿಡಿದದ್ದು ಸುಮಾರು 17 ಗಂಟೆ. ಎಲ್ಲ ವಿಮಾನಗಳೂ ಆ ದಾರಿ ಹಿಡಿಯುವುದಿಲ್ಲ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಿರುಗಾಳಿ ಬೆನ್ನಿಗಿದ್ದರೆ ಗಂಟೆ ಉಳಿಯುತ್ತದೆ, ಎದುರಾದರೆ ಕಳೆಯುತ್ತದೆ. ಯಾವುದೋ ದೇಶ ತನ್ನ ಆಕಾಶ ಮುಚ್ಚಿದರೆ ಸುತ್ತು ಹೆಚ್ಚುತ್ತದೆ.

• ಟಿಕೆಟ್‌ನಲ್ಲಿ ಹೊರಡುವ ಹೊತ್ತು ನಮ್ಮೂರಿನದು, ಇಳಿಯುವ ಹೊತ್ತು ಅವರೂರಿನದು. ಚಳಿಗಾಲದಲ್ಲಿ ಅವರು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಜನವರಿಯ ಸೋಮವಾರ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದರೆ ಇಳಿಯುವುದು ಅದೇ ಸೋಮವಾರ ಸಂಜೆ ನಾಲ್ಕೂವರೆಗೆ! ಕಾಗದದ ಮೇಲೆ ಮೈಸೂರಿಗೆ ಹೋದಷ್ಟೇ ಹೊತ್ತು. ವಾಪಸಾಗುವಾಗ ಇದರ ಬಡ್ಡಿ ತೆರಬೇಕು: ಸೋಮವಾರ ರಾತ್ರಿ ಹೊರಟವರು ಬೆಂಗಳೂರು ಮುಟ್ಟುವುದು ಬುಧವಾರ. ಕರೆದುಕೊಂಡು ಹೋಗಲು ಬರುವವರಿಗೆ ವಾರವನ್ನಲ್ಲ, ತಾರೀಖು ಹೇಳಿ.

• ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಕೈಚೀಲದಲ್ಲೇ ಇರಲಿ, ಡಾಕ್ಟರ ಚೀಟಿಯ ಸಮೇತ. ಯಾವ ಮಾತ್ರೆ ಎಷ್ಟು ಗಂಟೆಗೊಮ್ಮೆ ಎಂದು ಹೊರಡುವ ಮೊದಲೇ ಡಾಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಿ. ಗಡಿಯಾರದ ಗೊಂದಲದಲ್ಲಿ ಇನ್ಸುಲಿನ್ ತಪ್ಪುವುದು ಸುಲಭ.

• ನೀರು ಕುಡಿಯಿರಿ, ಆಗಾಗ ಎದ್ದು ಓಡಾಡಿ. ಪಕ್ಕದವರಿಗೆ ತೊಂದರೆಯಾದೀತೆಂದು ಮುದುರಿಕೊಂಡು ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ನಡುದಾರಿಯ ಪಕ್ಕದ ಸೀಟನ್ನೇ ಕೇಳಿ ಪಡೆಯಿರಿ. ಕಿಟಕಿಯಾಚೆ ಕಾಣುವುದು ಬಹುಪಾಲು ಮೋಡ.

• ನೇರ ವಿಮಾನ ಯಾವಾಗಲೂ ಇರುತ್ತದೆಂದು ಎಣಿಸಬೇಡಿ. ಇಷ್ಟು ದೂರದ ಸೇವೆಗಳು ಶುರುವಾಗುತ್ತವೆ, ನಿಲ್ಲುತ್ತವೆ. ಇಳಿದು ಹತ್ತುವುದಾದರೆ ದಾರಿಯನ್ನು ಸಮನಾಗಿ ಕತ್ತರಿಸುವ ಊರು ಒಳ್ಳೆಯದು. ದುಬೈ ಮೂಲಕ ಹೋದರೆ ಮೊದಲು ನಾಲ್ಕು ಗಂಟೆ, ಆಮೇಲೆ ಹದಿನಾರರಷ್ಟು ಒಂದೇ ಸಮ. ಫ್ರಾಂಕ್‌ಫರ್ಟ್ ಮೂಲಕವಾದರೆ ಹತ್ತು, ಹನ್ನೊಂದು ಗಂಟೆಗಳ ಎರಡು ತುಂಡು. ಮಂಡಿನೋವು ಇರುವವರಿಗೆ ನನ್ನ ಓಟು ಎರಡನೆಯದಕ್ಕೆ.

• ವೀಲ್‌ಚೇರ್‌ಗೆ ಟಿಕೆಟ್ ಮಾಡುವಾಗಲೇ ಹೇಳಿಡಿ. ಸಂಕೋಚ ಬೇಡ.

• ಹಸಿ ಕರಿಬೇವು ಒಯ್ಯಬೇಡಿ, ಅಲ್ಲಿ ಬಿಡುವುದಿಲ್ಲ.

• ಇನ್ನು ಟಿಕೆಟ್ ತೆಗೆಯುವ ಮಕ್ಕಳಿಗೆ ಒಂದು ಮಾತು: ಕೆಲವು ಸಾವಿರ ಉಳಿಯುತ್ತದೆಂದು ಅಪ್ಪ ಅಮ್ಮನನ್ನು ಎರಡು ಕಡೆ ಇಳಿಸಿ ಹತ್ತಿಸಬೇಡಿ. ಒಂದೇ ನಿಲುಗಡೆ, ನಡುವೆ ಮೂರು ಗಂಟೆಯಾದರೂ ಬಿಡುವು ಇರುವ ಟಿಕೆಟ್ಟನ್ನೇ ತೆಗೆಯಿರಪ್ಪ.